‘ವಿಂಕಿತ್ ಒಮ್ನಿಯ ವೇರಿತಾಸ್’: ಗೆಲ್ಲುವುದು ಯಾವುದು?

ಪ್ರಶ್ನೆ: ನಮ್ಮ ಚರ್ಚಾಸ್ಪರ್ಧೆಯ ಫಲಕದ ಮೇಲೆ ‘ವಿಂಕಿತ್ ಒಮ್ನಿಯ ವೇರಿತಾಸ್’ ಎಂಬ ಲ್ಯಾಟಿನ್ ಮಾತು ಕೆತ್ತಿಸಬೇಕೆಂದಿದ್ದೇವೆ. ‘ಸತ್ಯ ಎಲ್ಲವನ್ನೂ ಗೆಲ್ಲುತ್ತದೆ’ ಎಂದು ಕೆಲವರು, ‘ಎಲ್ಲವೂ ಸತ್ಯವನ್ನು ಗೆಲ್ಲುತ್ತವೆ’ ಎಂದು ಕೆಲವರು ಅರ್ಥ ಹೇಳುತ್ತಿದ್ದಾರೆ. ಯಾವುದು ಸರಿ? ಇದು ‘ಸತ್ಯಮೇವ ಜಯತೇ’ಯ ಅನುವಾದವೇ?
– ಓದುಗರು, ಶಿರಸಿ

ಉತ್ತರ: ಮೊದಲನೆಯದೇ ಸರಿ. ಗೊಂದಲ ಹುಟ್ಟುವುದು ‘ಒಮ್ನಿಯ’ದಿಂದ. ಅದು ನಪುಂಸಕಲಿಂಗದ ಬಹುವಚನ. ಸಂಸ್ಕೃತದ ‘ಫಲಾನಿ’ಯ ಹಾಗೆ ಪ್ರಥಮಾ, ದ್ವಿತೀಯಾ ಎರಡಕ್ಕೂ ಒಂದೇ ರೂಪ. ನಾವು ‘ಕೇರೆ ಕಪ್ಪೆ ನುಂಗಿತು’ ಎಂದಾಗ ಪ್ರತ್ಯಯ ಇಲ್ಲದಿದ್ದರೂ ಪದಗಳ ಸಾಲಿನಿಂದ ಅರ್ಥ ಮಾಡಿಕೊಳ್ಳುತ್ತೇವೆ. ‘ಕಪ್ಪೆಯನ್ನು ಕೇರೆ ನುಂಗಿತು’ ಎಂದರೆ ಸಾಲು ತಿರುಗಿದರೂ ತೊಂದರೆಯಿಲ್ಲ. ಲ್ಯಾಟಿನ್ನಿನಲ್ಲಿ ನೋಡಬೇಕಾದದ್ದು ಸಾಲನ್ನಲ್ಲ, ಪದದ ಕೊನೆಯನ್ನು. ‘ವೇರಿತಾಸ್’ ಸ್ತ್ರೀಲಿಂಗ, ಏಕವಚನ, ಪ್ರಥಮಾ ವಿಭಕ್ತಿ. ಸತ್ಯ ಸೋಲುವುದಾಗಿದ್ದರೆ ‘ವೇರಿತಾತೆಮ್’ ಎಂದಿರಬೇಕಿತ್ತು, ಕ್ರಿಯಾಪದವೂ ಬಹುವಚನದ ‘ವಿಂಕುಂತ್’ ಆಗಬೇಕಿತ್ತು. ‘ವಿಂಕಿತ್’ ಏಕವಚನ, ಹಾಗಾಗಿ ಕರ್ತೃ ಸತ್ಯವೇ.

ಕೆತ್ತುವವರಿಗೆ ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆದುಕೊಡಿ. ಮೊದಲ ಪದದ ‘ಎನ್’ ಬಿಟ್ಟುಹೋದರೆ ಅದು ‘ವೀಕಿತ್’ ಆಗುತ್ತದೆ, ಅಂದರೆ ‘ಗೆದ್ದಿತು’. ಗೆಲುವು ಹಿಂದೆಂದೋ ಆಗಿಹೋದ ಸಂಗತಿಯಾಗಿಬಿಡುತ್ತದೆ. ಓದುವವರಿಗೆ ತಪ್ಪೆಂದೇ ತೋರುವುದಿಲ್ಲ, ಅದೇ ಅಪಾಯ. ಇನ್ನೊಂದು ವಿಚಿತ್ರ: ‘ಕಟ್ಟು, ಬಿಗಿ’ ಎಂಬರ್ಥದ ಬೇರೊಂದು ಧಾತುವಿಗೂ ಇದೇ ‘ವಿಂಕಿತ್’ ರೂಪವಿದೆ. ಇಲ್ಲಿ ಆ ಅರ್ಥ ಹೊಂದುವುದಿಲ್ಲ.

ಅನುವಾದವಂತೂ ಅಲ್ಲ. ‘ಸತ್ಯಮೇವ ಜಯತೇ ನಾನೃತಮ್’ ಮುಂಡಕೋಪನಿಷತ್ತಿನ ಮಾತು (3.1.6). ಅಲ್ಲಿ ‘ಏವ’ ಇದೆ: ಸತ್ಯವೇ, ಸುಳ್ಳಲ್ಲ. ಲ್ಯಾಟಿನ್ನಿನಲ್ಲಿ ಆ ಒತ್ತು ಇಲ್ಲ. ಅದರ ಬದಲು ‘ಎಲ್ಲವನ್ನೂ’ ಎಂಬ ಕರ್ಮಪದವಿದೆ. ಫಲಕದ ಕೆಳಗೆ ಕನ್ನಡದಲ್ಲಿ ‘ಸತ್ಯ ಎಲ್ಲವನ್ನೂ ಗೆಲ್ಲುತ್ತದೆ’ ಎಂದೇ ಹಾಕಿಸಿ. ಉಪನಿಷತ್ತಿನ ಮಾತನ್ನು ಅದರ ಅರ್ಥವೆಂದು ಬರೆಸಬೇಡಿ.

ಪ್ರಶ್ನೆ: ಇದೇ ಮಾತನ್ನು ‘ವಿಂಚಿತ್’ ಎಂದು ಓದಿದ್ದು ಕೇಳಿದ್ದೇನೆ. ತಪ್ಪೇ?
– ಓದುಗರು, ಕಾರವಾರ

ಉತ್ತರ: ತಪ್ಪಲ್ಲ. ಆ ಪದದ ನಡುವಿನ ‘ಸಿ’ (c) ಅಕ್ಷರ ಪ್ರಾಚೀನ ರೋಮಿನ ಉಚ್ಚಾರದಲ್ಲಿ ‘ಕ’, ಇಗರ್ಜಿಯ ಲ್ಯಾಟಿನ್ನಿನಲ್ಲಿ ಇ, ಎ ಸ್ವರಗಳ ಮುಂದೆ ‘ಚ’. ‘ವೆರಿಟಾಸ್’ ಎನ್ನುವುದು ಮಾತ್ರ ಇಂಗ್ಲಿಷಿನ ಪ್ರಭಾವ. ಲ್ಯಾಟಿನ್ನಿನದು ನಮ್ಮ ‘ತ’ಕಾರಕ್ಕೇ ಹತ್ತಿರ, ಮೊದಲ ‘ವೇ’ ದೀರ್ಘ. ‘ಒಮ್ನಿಯ’ದ ‘ಒ’ ಹ್ರಸ್ವ. ದೇವನಾಗರಿಯಲ್ಲಿ ಬರೆಯಲು ತೊಡಕಾಗುವ ಈ ‘ಒ’ ಕನ್ನಡ ಲಿಪಿಯಲ್ಲಿ ಸಲೀಸಾಗಿ ಕೂರುತ್ತದೆ.