ಮಂಗಟ್ಟೆ ಗೂಡಿಗೆ ಗಂಡು ಬರುತ್ತಿಲ್ಲ: ಪೊಟರೆ ಒಡೆಯಬೇಕೇ?

ಸ್ಪ್ರಿಂಕ್ಲರ್‌ನ ಡೀಸೆಲ್ ಪಂಪ್ ಗೂಡಿನ ಮರದ ಬುಡಕ್ಕೆ ಬಂದಂದಿನಿಂದಲೇ ಬೂದು ಮಂಗಟ್ಟೆಯ ಗಂಡು ಕಾಣುತ್ತಿಲ್ಲ, ಹೆಣ್ಣನ್ನು ಬಿಡಿಸಲು ಪೊಟರೆ ಒಡೆಯಲೇ ಅಂದಿರಿ. ಈ ಹಕ್ಕಿಯ ಹೆಣ್ಣು ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೇ ಕೂತು, ಸಣ್ಣ ಸೀಳಿನಲ್ಲಿ ಗಂಡು ಕೊಡುವ ಹಣ್ಣನ್ನೇ ನಂಬಿರುತ್ತದೆ. ಹಾಗಿದ್ದರೆ ಮೊದಲ ಅನುಮಾನ ಆ ಗದ್ದಲದ ಮೇಲೆಯೇ. ಬೆದರಿದ ಹಕ್ಕಿಯ ರಕ್ತದಲ್ಲಿ ಮೂರ್ನಾಲ್ಕು ನಿಮಿಷದಲ್ಲೇ ಕಾರ್ಟಿಕೋಸ್ಟೆರಾನ್ ಎಂಬ ಒತ್ತಡದ ಹಾರ್ಮೋನ್ ಏರತೊಡಗುತ್ತದೆ. ಅದು ದಿನಗಟ್ಟಲೆ ಇಳಿಯದಿದ್ದರೆ ಮರಿ ಸಾಕಲು ಬೇಕಾದ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಕುಗ್ಗಬಹುದು. ಅಲ್ಪಾಯುಷ್ಯದ ಪುಟ್ಟ ಹಕ್ಕಿಯಾದರೆ ಹೇಗೋ ಉಣಿಸೀತು. ಎರಡು ವರ್ಷಕ್ಕೊಂದೇ ಮೊಟ್ಟೆಯಿಟ್ಟು ಐವತ್ತು ವರ್ಷ ಬದುಕಬಲ್ಲ ಕಡಲಿನ ಅಲೆಮಾರಿ ಆಲ್ಬಟ್ರಾಸ್‌ನಂಥವುಗಳ ಲೆಕ್ಕ ಬೇರೆ: ಈ ಸಲದ ಮರಿ ಹೋದರೂ ತಾನು ಉಳಿಯಬೇಕು. ಅಷ್ಟರ ಮಟ್ಟಿಗಲ್ಲದಿದ್ದರೂ ಮಂಗಟ್ಟೆಯದೂ ಸ್ವಲ್ಪ ಆ ಬಗೆಯ ಲೆಕ್ಕಾಚಾರ ಇರಬಹುದು.

ಪಂಪನ್ನು ಇವತ್ತೇ ನೂರು ಮೀಟರ್ ಆಚೆ ಸಾಗಿಸಿ, ಆ ಮರದ ಸುತ್ತ ಮರಗಸಿಯನ್ನೂ (ನೆರಳಿನ ಮರಗಳ ಕೊಂಬೆ ಕಡಿಯುವುದನ್ನು) ನಿಲ್ಲಿಸಿ. ನಾಳೆ ಬೆಳಗ್ಗೆ 6ರಿಂದ 10ರವರೆಗೆ ದೂರದ ಕಾಫಿ ಗಿಡದ ಮರೆಯಲ್ಲಿ ಕೂತು ಗಂಡು ಎಷ್ಟು ಸಲ ಬಂತು ಎಣಿಸಿ. ಕೊಕ್ಕಿನಲ್ಲಿ ಹಣ್ಣಿದ್ದೂ ಪಕ್ಕದ ಕೊಂಬೆಯಲ್ಲೇ ಕೂತು ತಿರುಗಿ ಹೋದರೆ ಅದು ಹೆದರಿಕೆಯೇ, ನೀವಿನ್ನೂ ದೂರ ಸರಿಯಿರಿ. ಹತ್ತರ ಮೇಲೆ ಬುಡಕ್ಕೆ ಹೋಗಿ ನೋಡಿ: ಸೀಳಿನ ಕೆಳಗೆ ಹಸಿ ಹಿಕ್ಕೆ, ಅತ್ತಿ ಬೀಜ ಇದ್ದರೆ ಒಳಗಿನ ಹೆಣ್ಣಿಗೆ ಊಟ ಸಿಗುತ್ತಿದೆ. ಕಾಂಡ ಬಡಿದು ನೋಡಬೇಡಿ.

ಪೊಟರೆ ಮಾತ್ರ ಒಡೆಯಲೇಬೇಡಿ. ಹೆಣ್ಣು ರೆಕ್ಕೆಗರಿ ಉದುರಿಸಿಕೊಂಡಿರಬಹುದು, ಹೊರಬಿದ್ದರೆ ಹಾರಲಾರದು. ಎರಡು ದಿನ ಗಂಡೂ ಇಲ್ಲ, ಹಸಿ ಹಿಕ್ಕೆಯೂ ಇಲ್ಲ ಅಂದರೆ ಗಂಡು ಸತ್ತಿರಲೂಬಹುದು; ಎಣಿಕೆಯ ಚೀಟಿ ಸಮೇತ ವಲಯ ಅರಣ್ಯಾಧಿಕಾರಿಗೆ ತಿಳಿಸಿ.