ವಂದೇ ಭಾರತ್ ಮೂತಿ ಎಮ್ಮೆ ಬಡಿದರೇ ಒಡೆಯುತ್ತದಲ್ಲ, ಅಂದಕ್ಕಾಗಿ ಸುರಕ್ಷತೆ ಬಿಟ್ಟರಾ?

ನೀವು ಹೇಳುತ್ತಿರುವುದು 2022ರ ಅಕ್ಟೋಬರ್‌ನಲ್ಲಿ ಅಹಮದಾಬಾದ್ ಹತ್ತಿರ ನಡೆದ ಘಟನೆ ಅಲ್ವಾ? ಆ ಫೋಟೋ ನೋಡಿ ನನಗೂ ಗಾಬರಿಯಾಗಿತ್ತು. ಆದರೆ ಆ ಚೂಪು ಮೂತಿ ಬರೀ ಫೈಬರ್ ಹೊದಿಕೆ. ಗಾಳಿ ಸೀಳುವುದಕ್ಕೆ, ನೋಡಲು ಚೆಂದಕ್ಕೆ ಇಟ್ಟದ್ದು. ಭಾರ ಹೊರುವ ಉಕ್ಕಿನ ಚೌಕಟ್ಟು ಅದರ ಹಿಂದಿದೆ. ರಾತ್ರಿಯೇ ಹೊಸ ಮೂತಿ ಕೂರಿಸಿ, ಮರುದಿನ ರೈಲು ಓಡಿಸಿದರು.

ದೊಡ್ಡ ಡಿಕ್ಕಿಯಲ್ಲಿ ಜೀವ ಉಳಿಸುವ ಭಾಗ ಸೆಲ್ಫಿಯಲ್ಲಿ ಕಾಣುವುದೇ ಇಲ್ಲ. ಚೆನ್ನೈನ ಐಸಿಎಫ್ ಕಾರ್ಖಾನೆಯ ಹಳೆಯ ಮಾದರಿಯ ನೀಲಿ ಬೋಗಿಗಳು ಡಿಕ್ಕಿಯಾದಾಗ ಒಂದರ ಮೇಲೊಂದು ಹತ್ತಿಬಿಡುತ್ತಿದ್ದವು. ಈಗಿನ ಎಲ್‌ಎಚ್‌ಬಿ ಎಂಬ ಜರ್ಮನ್ ವಿನ್ಯಾಸದ ಬೋಗಿಗಳಲ್ಲಿ, ಬೋಗಿಗೆ ಬೋಗಿ ಜೋಡಿಸುವ ಕೊಂಡಿಯೇ (ಕಪ್ಲಿಂಗ್) ಹಾಗೆ ಹತ್ತದಂತೆ ತಡೆಯುತ್ತದೆ. 2018ರ ಜನವರಿಗೆ ಹಳೆಯ ಬೋಗಿಗಳ ತಯಾರಿಕೆ ನಿಂತಿತು.

ಅಂದ ಮತ್ತು ಸುರಕ್ಷತೆಗೆ ನಿಜವಾಗಿ ಜಗಳ ಬರುವುದು ಬೋಗಿಯ ಒಳಗೆ. 2013ರ ಡಿಸೆಂಬರ್ 28ರ ನಸುಕಿನಲ್ಲಿ, ಬೆಂಗಳೂರಿನಿಂದ ಹೊರಟಿದ್ದ ನಾಂದೇಡ್ ಎಕ್ಸ್‌ಪ್ರೆಸ್‌ನ ಎಸಿ ಬೋಗಿಗೆ ಬೆಂಕಿ ಬಿತ್ತು. 26 ಜನ ಹೋದರು. ನಮ್ಮ ಮನೆಯವರು ಆಗ ರಾಯಚೂರಿಗೆ ರಾತ್ರಿ ರೈಲಲ್ಲೇ ಓಡಾಡುತ್ತಿದ್ದರು. ಆ ದಿನ ಪೇಪರ್ ಓದಿದ್ದು ಇನ್ನೂ ಮರೆತಿಲ್ಲ. ಆಮೇಲೆ ಎಸಿ ತ್ರೀ ಟಯರ್‌ನಲ್ಲಿ ನಡುದಾರಿಯ ಪರದೆ ತೆಗೆಸಿದರು. ಮಲಗಲು ಒಂದಿಷ್ಟೂ ಮರೆಯಿಲ್ಲ ಅಂತ ನಮ್ಮತ್ತೆ ಬೇಸರಪಟ್ಟರು. ಅವರ ಬೇಸರ ನ್ಯಾಯವೇ. ಆದರೂ ಬೇಗ ಹೊತ್ತಿಕೊಳ್ಳುವ ಬಟ್ಟೆ ಸಾಲಾಗಿ ನೇತಾಡುವುದಕ್ಕಿಂತ ಪರದೆ ಇಲ್ಲದಿರುವುದೇ ಮೇಲು ಎನ್ನುತ್ತೇನೆ.

ಹಾಗಂತ ಒಳಗೆಲ್ಲ ಬೋಳಾಗಿರಬೇಕು ಅಂತಲ್ಲ. ರೈಲು ಬೋಗಿ ತಯಾರಿಸುವ ನಮ್ಮ ಬೆಂಗಳೂರಿನ ಬಿಇಎಂಎಲ್ ಕಂಪನಿಯಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ವಂದೇ ಭಾರತ್ ಸ್ಲೀಪರ್ ತೋರಿಸಿದಾಗ ಎಲ್ಲರೂ ಬರ್ತ್, ಲೈಟುಗಳನ್ನೇ ಹೊಗಳಿದರು. ನನಗೆ ಖುಷಿ ಕೊಟ್ಟದ್ದು ಬೇರೆ. ಅದನ್ನು ಇಎನ್ 45545 ಎಂಬ ಯುರೋಪಿನ ಬೆಂಕಿ ಸುರಕ್ಷತೆಯ ನಿಯಮಕ್ಕೆ ತಕ್ಕಂತೆ, ಅದರಲ್ಲೂ ಅತಿ ಬಿಗಿಯಾದ ಮೂರನೇ ಹಂತಕ್ಕೆ ಮಾಡಿದ್ದಾರೆ. ಸೀಟು, ಗೋಡೆಯ ಹಲಗೆ ಎಷ್ಟು ಬೇಗ ಹೊತ್ತಿಕೊಳ್ಳುತ್ತವೆ, ಎಷ್ಟು ಹೊಗೆ ಬಿಡುತ್ತವೆ, ಆ ಹೊಗೆ ಎಷ್ಟು ವಿಷ ಎಂದೆಲ್ಲ ಅದರಲ್ಲಿ ಪರೀಕ್ಷೆ ಮಾಡುತ್ತಾರೆ. ಚೆಂದದ ಹಲಗೆಯನ್ನೇ ಹಾಕಬಹುದು, ಪರೀಕ್ಷೆ ಪಾಸಾಗಿರಬೇಕು ಅಷ್ಟೇ.

ಮುಂದಿನ ಸಲ ಮೆಜೆಸ್ಟಿಕ್‌ನಲ್ಲಿ ರೈಲು ಹತ್ತಿದಾಗ ಕೆಂಪು ಗುರುತಿನ ತುರ್ತು ಕಿಟಕಿ ಎಲ್ಲಿದೆ ಎಂದು ಮಕ್ಕಳಿಗೂ ತೋರಿಸಿ. ಒಳಗಿನ ಬಣ್ಣಕ್ಕೆ ಆ ಕೆಂಪು ಒಂಚೂರೂ ಹೊಂದುವುದಿಲ್ಲ. ಹೊಂದಲೂಬಾರದು. ಗಾಬರಿಯಲ್ಲಿ ಕಣ್ಣಿಗೆ ಮೊದಲು ಬೀಳಬೇಕಾದದ್ದು ಅದೇ.