ಫೋನು ಓದಿ ಹೇಳಿದರೆ ಮಗು ಓದಿದಂತಾಗುತ್ತದೆಯೇ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ತಾಯಿಯೊಬ್ಬರು ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ ಬರೆದ ಪತ್ರದ ಸಾರ ಹೀಗಿದೆ: ಕನ್ನಡ ಮಾಧ್ಯಮದ ಏಳನೆಯ ತರಗತಿಯಲ್ಲಿರುವ ಅವರ ಮಗ, ಕೇಳಿದ ಪಾಠವನ್ನು ಒಂದಕ್ಷರ ಬಿಡದೆ ತಿರುಗಿ ಹೇಳುತ್ತಾನೆ, ಪುಸ್ತಕ ಕೈಗೆ ಕೊಟ್ಟರೆ ಸಾಲುಸಾಲಿಗೂ ತಡವರಿಸುತ್ತಾನೆ. ತಜ್ಞರು ಇದನ್ನು ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದುವಲ್ಲಿನ ತೊಡಕು, ಎಂದಿದ್ದಾರೆ. ಮೊಬೈಲಿನಿಂದ ಪಾಠ ಓದಿಸಿ ಕೇಳತೊಡಗಿದ ಮೇಲೆ ಅವನಿಗೆ ಕಲಿಕೆಯಲ್ಲಿ ಆಸಕ್ತಿ ಮೂಡಿದೆ. ಆದರೆ ಶಾಲೆಯವರು "ಇದು ಸೋಮಾರಿತನಕ್ಕೆ ದಾರಿ, ಪರೀಕ್ಷೆಗೆ ಫೋನು ಬರುತ್ತದೆಯೇ?" ಎಂದು ಕೇಳಿದ್ದಾರೆ; ಮನೆಯ ಹಿರಿಯರೂ ಅದನ್ನೇ ಹೇಳುತ್ತಿದ್ದಾರೆ. ಅಭ್ಯಾಸವನ್ನು ಮುಂದುವರಿಸಬೇಕೇ, ಕನ್ನಡಕ್ಕೆ ಯಾವ ಸಾಧನ ಒಗ್ಗುತ್ತದೆ, ಮಲಯಾಳದಿಂದ ವಿನಾಯಿತಿ ಕೇಳಬಹುದೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ಮುಂದುವರಿಸಿ. ಈ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಅಕ್ಷರವನ್ನು ಬಿಡಿಸಿ ಓದುವುದು ಒಂದು ಕೆಲಸ, ಓದಿದ್ದನ್ನು ಅರ್ಥ ಮಾಡಿಕೊಳ್ಳುವುದು ಇನ್ನೊಂದು. ತಮ್ಮ ಮಗನಿಗೆ ತೊಡಕಿರುವುದು ಮೊದಲನೆಯದರಲ್ಲಿ. ಅದು ಸರಿಹೋಗುವ ತನಕ ಸಮಾಜವಿಜ್ಞಾನವೂ ವಿಜ್ಞಾನವೂ ಕಾದು ನಿಲ್ಲಬೇಕೆಂದರೆ, ಹತ್ತನೆಯ ತರಗತಿಗೆ ಬರುವಾಗ ಅವನು ಓದಿನಲ್ಲಿ ಮಾತ್ರವಲ್ಲ, ತಿಳಿವಳಿಕೆಯಲ್ಲಿಯೂ ಹಿಂದುಳಿದಿರುತ್ತಾನೆ. ಹಾಗೆಂದು ಫೋನು ಅಕ್ಷರ ಕಲಿಸುವುದಿಲ್ಲ. ಪಾಠ ತಿಳಿಯಲು ಕೇಳುವ ಹೊತ್ತು ಬೇರೆ, ಅಕ್ಷರ ತಿದ್ದುವ ಹೊತ್ತು ಬೇರೆ ಇರಲಿ. ಎರಡನೆಯದು ಪ್ರತಿದಿನ ಸ್ವಲ್ಪವೇ ಆದರೂ ತಪ್ಪದೆ ನಡೆಯಲಿ, ಸಾಧ್ಯವಾದರೆ ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕರ ಮಾರ್ಗದರ್ಶನದಲ್ಲಿ.

ಹಿರಿಯರಿಗೆ ಒಂದು ಮಾತು ನೆನಪಿಸಬಹುದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಕೇಳಿ ಕಲಿತ ವಿದ್ಯೆಗೆ ಎಂದೂ ಬೆಲೆ ಕಡಿಮೆಯಿರಲಿಲ್ಲ. ಹಿರಿಯ ಅರ್ಥಧಾರಿಗಳ ಮಾತನ್ನು ರಾತ್ರಿಯಿಡೀ ಕೇಳಿಯೇ ತಾಳಮದ್ದಳೆಯಲ್ಲಿ ಅರ್ಥ ಹೇಳಲು ಕಲಿತವರನ್ನು ಯಾರೂ ಸೋಮಾರಿಗಳೆಂದು ಕರೆದದ್ದಿಲ್ಲ.

ಈ ವಿಷಯದಲ್ಲಿ ನಮಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಓದುವ ಮಕ್ಕಳಿಗಾಗಿ ಹುಟ್ಟಿದವು. ಕನ್ನಡದ ತೊಡಕು ಬೇರೆ. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರ ಕಲಿತರೂ ಕಾಗುಣಿತದ ಗೊಂದಲ ತೀರುವುದಿಲ್ಲ; ಕನ್ನಡದಲ್ಲಿ ಬರೆದಂತೆ ಓದಬಹುದು, ಆದರೆ ಗುರುತು ಹಿಡಿಯಬೇಕಾದ ಆಕಾರಗಳು ನೂರಾರು. ದ, ಧ, ಥಗಳ ನಡುವಿನ ವ್ಯತ್ಯಾಸ ಒಂದು ಸೀಳು ಅಥವಾ ಒಂದು ಚುಕ್ಕೆಯಷ್ಟೆ. 'ಆಸ್ತಿ' ಎಂಬ ಮಾತನ್ನು ಗಮನಿಸಿ: ಕಿವಿಗೆ ಇಕಾರ ಕೇಳುವುದು ತಕಾರದ ಬಳಿಕ, ಕಣ್ಣಿಗೆ ಗುಡಿಸು ಕಾಣುವುದು ಸಕಾರದ ತಲೆಯ ಮೇಲೆ. 'ಸೂರ್ಯ'ದಲ್ಲಿ ಮೊದಲು ಉಚ್ಚರಿಸುವ ರಕಾರವು ಅರ್ಕಾವೊತ್ತಾಗಿ ಯಕಾರದ ಹಿಂದೆ ಹೋಗಿ ಕುಳಿತಿರುತ್ತದೆ. ಧ್ವನಿಯ ಸರದಿಯನ್ನೂ ಬರಹದ ಸರದಿಯನ್ನೂ ಹೊಂದಿಸುವುದೇ ಕಷ್ಟವಾಗಿರುವ ಮಗುವಿಗೆ ಇಂಥ ಕಡೆಗಳಲ್ಲಿ ಹೆಜ್ಜೆ ತಪ್ಪುವುದು ಸಹಜ. ಕನ್ನಡ ಮಕ್ಕಳ ಓದನ್ನು ಕುರಿತು ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೊಂದರೆಯಿಲ್ಲದ ಮಕ್ಕಳಿಗೂ ಅಕ್ಷರಗಳ ಪರಿಚಯ ನಾಲ್ಕನೆಯ ತರಗತಿಯ ತನಕ ನಡೆಯುತ್ತಲೇ ಇರುತ್ತದೆಂದು ಕಂಡುಬಂದಿದೆ. ಇದರ ಮೇಲೆ ಕಾಸರಗೋಡಿನ ಮಗುವಿಗೆ ಮಲಯಾಳ, ನಾಗರಿ, ರೋಮನ್ ಸೇರಿ ನಾಲ್ಕು ಲಿಪಿಗಳ ಹೊರೆ. ತಮ್ಮ ಮನೆಯ ಹಾಗೆ ತುಳು ಮಾತನಾಡುವಲ್ಲಿ ಐದನೆಯ ಭಾಷೆ ಬೇರೆ.

ಇನ್ನು ಸಾಧನಗಳ ವಿಚಾರ. ಆಂಡ್ರಾಯ್ಡ್ ಫೋನಿನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ 'ಸೆಲೆಕ್ಟ್ ಟು ಸ್ಪೀಕ್' ಎಂಬ ಸೌಲಭ್ಯವಿದೆ. ಕನ್ನಡ ದನಿಯನ್ನು ಇಳಿಸಿಕೊಂಡು, ವೇಗವನ್ನು ಸ್ವಲ್ಪ ತಗ್ಗಿಸಿ ಬಳಸಿ. ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಎಡ್ಜ್‌ನ 'ರೀಡ್ ಅಲೌಡ್' ಕನ್ನಡವನ್ನು ಸಾಕಷ್ಟು ಸಹಜವಾಗಿ ಓದುತ್ತದೆ, ಓದುತ್ತಿರುವ ಪದವನ್ನು ಬಣ್ಣದಿಂದ ತೋರಿಸುತ್ತದೆ. ಈ ಎರಡನೆಯ ಗುಣವೇ ನನಗೆ ಮುಖ್ಯವೆನಿಸುತ್ತದೆ. ಕಿವಿಯ ಜೊತೆಗೆ ಕಣ್ಣೂ ಸಾಲಿನ ಮೇಲೆ ಸಾಗಿದರೆ ಕೇಳುವ ಹೊತ್ತು ಅಕ್ಷರದ ಅಭ್ಯಾಸಕ್ಕೂ ಒದಗುತ್ತದೆ, ಗಮನ ಚದುರುವ ಮಕ್ಕಳಿಗೂ ಹಿಡಿತ ಸಿಗುತ್ತದೆ. ಲಿನಕ್ಸ್ ಇರುವ ಶಾಲಾ ಕಂಪ್ಯೂಟರುಗಳಲ್ಲಿ 'ಇಸ್ಪೀಕ್' ಎಂಬ ಉಚಿತ ತಂತ್ರಾಂಶಕ್ಕೂ ಕನ್ನಡ ಬರುತ್ತದೆ. ದನಿ ಯಾಂತ್ರಿಕ, ಆದರೆ ಇಂಟರ್ನೆಟ್ ಬೇಡ.

"ಕೆಲವು ಪಿಡಿಎಫ್‌ಗಳನ್ನು ಫೋನು ಏನೇನೋ ಓದುತ್ತದೆ" ಎಂದು ಬರೆದಿದ್ದೀರಿ. ಅದು ಫೋನಿನ ದೋಷವಲ್ಲ. ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರಸಂಕೇತ ಬಳಕೆಗೆ ಬರುವ ಮೊದಲಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಅಚ್ಚಿಗಾಗಿ ಸಿದ್ಧಪಡಿಸಿದ ಕಡತಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳೇ; ಯಂತ್ರವು ಅವನ್ನೇ ಓದುತ್ತದೆ. ಒಂದು ಸಾಲನ್ನು ನಕಲಿಸಿ ವಾಟ್ಸಾಪಿನಲ್ಲಿ ಅಂಟಿಸಿ ನೋಡಿ. ಕನ್ನಡವಾಗಿಯೇ ಬಂದರೆ ಸರಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಆ ಕಡತವನ್ನು ಬಿಟ್ಟು, ಪುಟದ ಫೋಟೋ ತೆಗೆದು ಗೂಗಲ್ ಲೆನ್ಸ್ ಮೂಲಕ ಪಠ್ಯವನ್ನು ಹೊರತೆಗೆಯಿರಿ. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪು ಬರುತ್ತದೆ, ದೊಡ್ಡವರೊಬ್ಬರು ಒಮ್ಮೆ ತಿದ್ದಿಕೊಟ್ಟರೆ ಒಳ್ಳೆಯದು. ಕೃತಿಸ್ವಾಮ್ಯದ ಭಯ ಬೇಡ: ಓದಲಾಗದವರಿಗಾಗಿ ಪುಸ್ತಕವನ್ನು ಅವರಿಗೆ ನಿಲುಕುವ ರೂಪಕ್ಕೆ ಬದಲಿಸಲು 2012ರ ಕಾಯ್ದೆ ತಿದ್ದುಪಡಿ ಅವಕಾಶ ಕೊಟ್ಟಿದೆ, ಮತ್ತು ಈ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು.

ಬರೆಯುವುದಕ್ಕೆ ಬಂದರೆ, ಇಂಗ್ಲಿಷ್ ಅಕ್ಷರಗಳನ್ನು ಒತ್ತಿ ಕನ್ನಡ ಮೂಡಿಸುವ ಕೀಲಿಮಣೆಯನ್ನು ಅವನಿಗೆ ಕೊಡಬೇಡಿ. ನಮಗೆ ಅದು ಸುಲಭ. ಅವನಿಗೆ ಅದು ಒಂದು ಲಿಪಿಯ ಕಷ್ಟದ ಮೇಲೆ ಇನ್ನೊಂದು ಲಿಪಿಯ ಕಷ್ಟ. ಕನ್ನಡ ಅಕ್ಷರಗಳನ್ನೇ ತೋರಿಸುವ ಕೀಲಿಮಣೆಯಿರಲಿ. ಗೂಗಲ್ ಕನ್ನಡಕ್ಕೆ ಧ್ವನಿ ಟೈಪಿಂಗನ್ನು 2017ರಲ್ಲಿ ತಂದಿತು, ಅದನ್ನೂ ಕಲಿಸಿ. ಆದರೆ ಅದು ಪುಸ್ತಕದ ಕನ್ನಡವನ್ನು ಹಿಡಿಯುವಷ್ಟು ಚೆನ್ನಾಗಿ ನಮ್ಮ ಆಡುಮಾತನ್ನು ಹಿಡಿಯದು. ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಕಟ್ಟಿಕೊಂಡು, ನಿಧಾನವಾಗಿ ಹೇಳಿ, ಬಳಿಕ ಅದನ್ನೇ ಫೋನಿನಿಂದ ಓದಿಸಿ ಕೇಳಿ ತಪ್ಪು ಹುಡುಕಲಿ. ಹೇಳಿ ಬರೆಸುವುದೂ ಒಂದು ಕೌಶಲ. ಪರೀಕ್ಷೆಯಲ್ಲಿ ಬರೆಯುವ ಸಹಾಯಕರು ದೊರೆತರೂ, ಮೊದಲು ಅಭ್ಯಾಸವಿಲ್ಲದ ಮಗು ಅವರ ಪಕ್ಕದಲ್ಲಿ ಸುಮ್ಮನೆ ಕುಳಿತುಬಿಡುತ್ತದೆ. "ಪರೀಕ್ಷೆಗೆ ಫೋನು ಬರುತ್ತದೆಯೇ" ಎಂಬ ಪ್ರಶ್ನೆಗೆ ಇದೇ ಉತ್ತರ: ಫೋನು ಬಾರದಿದ್ದರೂ ಫೋನಿನಿಂದ ಕಲಿತ ಈ ರೂಢಿ ಬರುತ್ತದೆ.

ಡಿಸ್ಲೆಕ್ಸಿಯಾಕ್ಕೆಂದೇ ಮಾಡಿದ ಫಾಂಟುಗಳಿಗೆ, ಬಣ್ಣದ ಹಾಳೆಗಳಿಗೆ ದುಡ್ಡು ಸುರಿಯಬೇಡಿ. ಇಂಗ್ಲಿಷಿನಲ್ಲೇ ಅವುಗಳ ಪ್ರಯೋಜನ ಗಟ್ಟಿಯಾಗಿ ಸಾಬೀತಾಗಿಲ್ಲ. ಅಕ್ಷರ ದೊಡ್ಡದಿರಲಿ, ಸಾಲುಗಳ ನಡುವೆ ಒತ್ತಕ್ಷರಗಳು ಮೇಲಿನ ಸಾಲಿನಿಂದ ಕೆಳಗಿನದಕ್ಕೆ ತಾಗದಷ್ಟು ಅಂತರವಿರಲಿ. ಅಷ್ಟು ಸಾಕು.

ಶಾಲೆಯೊಂದಿಗೆ ಬಾಯಿಮಾತಿನ ವಾದಕ್ಕಿಂತ ಲಿಖಿತ ಅರ್ಜಿ ಮೇಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಡಿಸ್ಲೆಕ್ಸಿಯಾ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ 21 ವರ್ಗಗಳಲ್ಲಿ ಸೇರಿಸಿದೆ. ಅದರ 17ನೆಯ ವಿಧಿಯು ಹೆಚ್ಚುವರಿ ಸಮಯ, ಬರೆಯುವ ಸಹಾಯಕರು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವುಗಳನ್ನು ಹೆಸರಿಸಿಯೇ ಹೇಳುತ್ತದೆ. ಇವೆಲ್ಲಕ್ಕೂ ಈ ನ್ಯೂನತೆಯ ಪ್ರಮಾಣಪತ್ರ ಬೇಕು. ತಜ್ಞರ ವರದಿಯೊಂದೇ ಸಾಲದು. ಪರೀಕ್ಷೆ ಮಾಡುವವರು ಮಗನನ್ನು ಇಂಗ್ಲಿಷಿನಲ್ಲಿ ಮಾತ್ರ ಅಳೆಯದೆ ಕನ್ನಡದಲ್ಲಿಯೂ ಅಳೆಯಬೇಕೆಂದು ಕೇಳಿಕೊಳ್ಳಿ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು ರೂಪಿಸಿದ 'ಡಾಲಿ' ಎಂಬ ಪರೀಕ್ಷಾ ಸಾಮಗ್ರಿ ಕನ್ನಡದಲ್ಲಿಯೂ ಇದೆ. ಹತ್ತನೆಯ ತರಗತಿಯ ತನಕ ಕಾಯದೆ ಈ ವರ್ಷವೇ ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಸಹಿಯಿರುವ ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಿ.

ಮಲಯಾಳದ ವಿಚಾರದಲ್ಲಿ ಮಾತ್ರ ಸ್ವಲ್ಪ ಯೋಚಿಸಿ. ವಿನಾಯಿತಿ ಕೇಳಲು ಕಾನೂನಿನ ಆಧಾರವಿದೆ, ಕನ್ನಡಾಭಿಮಾನದಿಂದ ಕೇಳುವವರೂ ಇದ್ದಾರೆ. ಆದರೆ ಅವನು ಬಾಳಬೇಕಾದದ್ದು ಇಲ್ಲಿ, ಗ್ರಾಮ ಕಚೇರಿಯಿಂದ ಆಸ್ಪತ್ರೆಯ ತನಕ ಅವನಿಗೆ ಆ ಭಾಷೆ ಬೇಕು. ಬರವಣಿಗೆಯ ಹೊರೆಯನ್ನು ಇಳಿಸಲು ಕೇಳಿ, ಮಾತನ್ನು ಬಿಡಿಸಬೇಡಿ. ಇಷ್ಟು ಚೆನ್ನಾಗಿ ಕೇಳಿ ಕಲಿಯುವ ಹುಡುಗನಿಗೆ ಮಲಯಾಳದ ಮಾತು ಕಷ್ಟವಾಗಲಾರದು.

— ಸಂಪಾದಕ